ಹೊಳೆ ದಾಟಿ ಬರುವ ಹೂಂ

ನಮ್ಮೂರಿನ ಹೊಳೆಯನ್ನು ಮಾತು ನಿಧಾನವಾಗಿ ದಾಟುತ್ತದೆ. ಪಡುದಡದ ಮೆಟ್ಟಿಲ ಮೇಲೆ ನಿಂತು ಮೂಡುದಡದವರನ್ನು ಕೂಗಿದರೆ, ಕೂಗಿದವರು ಎಲೆಯಡಿಕೆ ಹಾಕಿಕೊಂಡು, ಅಗಿದು, ಉಗುಳಿ, ಬಾಯಿ ಒರೆಸಿಕೊಳ್ಳುವ ಹೊತ್ತಿಗೆ ಆ ಕೂಗು ಆಚೆಯವರ ಕಿವಿಗೆ ಬೀಳುತ್ತದೆ. ಅವರ ಉತ್ತರ ಈಚೆಗೆ ಬರಲು ಇನ್ನೊಂದು ಎಲೆಯಡಿಕೆಯ ಹೊತ್ತು ಬೇಕು. ಫೋನು ಬಂದಾಗ ಇನ್ನು ಈ ಕಾಯುವ ಕಷ್ಟ ತಪ್ಪಿತು ಅಂದುಕೊಂಡವರಿದ್ದರು. ಫೋನಿನ ಮಾತೂ ಅಷ್ಟೇ ಹೊತ್ತು ತೆಗೆದುಕೊಂಡಿತು. ಯಾರೂ ದೂರು ಕೊಡಲಿಲ್ಲ. ನಡುನೀರಿನ ಬಂಡೆಯ ಮೇಲೆ ಕೂತಿರುವ ಹೊಳೆಯಮ್ಮ ಎಲ್ಲರ ಮಾತನ್ನೂ ಮೊದಲು ತಾನು ಕೇಳಿ ಆಮೇಲೆ ಬಿಡುತ್ತಾಳೆ ಎಂದು ನಮ್ಮ ಹಿರಿಯರು ನಂಬಿದ್ದರು. ನಾನೂ ನಂಬುತ್ತೇನೆ.

ಹೀಗಿರುವ ಊರಿನಲ್ಲಿ ಬದುಕುವುದು ಹೊರಗಿನವರು ಅಂದುಕೊಳ್ಳುವಷ್ಟು ಕಷ್ಟವಲ್ಲ. ಆಚೆ ದಡದಲ್ಲಿ ಕೆಲಸ ಮಾಡುವ ಗಂಡನಿಗೆ ಮಧ್ಯಾಹ್ನದ ಸಾರು ಏನು ಮಾಡಲಿ ಎಂದು ಹೆಂಡತಿ ಬೆಳಗ್ಗೆ ಕಸ ಗುಡಿಸುವಾಗಲೇ ಕೇಳಿಬಿಡುತ್ತಾಳೆ. ಬೈದ ಮೇಲೆ ಮನಸ್ಸು ಕರಗಿ ಒಂದು ಒಳ್ಳೆಯ ಮಾತು ಕೂಗಿದರೂ ಅದು ಬೈಗುಳದ ಹಿಂದೆಯೇ ಹೋಗಬೇಕು, ಅದನ್ನು ಹಿಂದೆ ಹಾಕಿ ಮುಂದೆ ಹೋಗಲಾರದು. ಆದ್ದರಿಂದ ನಮ್ಮೂರಿನವರು ಬೈಯುವ ಮೊದಲು ಯೋಚನೆ ಮಾಡುತ್ತಾರೆ ಎಂದು ಹೇಳಿದರೆ ಸುಳ್ಳಾದೀತು. ಬೈದು, ಎಲೆಯಡಿಕೆ ಮುಗಿಯುವವರೆಗೆ ಪೇಚಾಡಿಕೊಳ್ಳುತ್ತಾರೆ.

ಆದರೆ ಒಂದು ಕಟ್ಟಳೆಯನ್ನು ಎರಡೂ ದಡದವರು ಬಿಡದೆ ಪಾಲಿಸುತ್ತೇವೆ. ಹೊಳೆಯಾಚೆಗೆ ಒಂದು ಮಾತು ಆಡಿದ ಮೇಲೆ ಅದಕ್ಕೆ ಹೂಂ ಅಂತ ಬರುವವರೆಗೆ ಎರಡನೆಯ ಮಾತು ಆಡಕೂಡದು. ನಮ್ಮ ಅಜ್ಜಂದಿರ ಕಾಲದಲ್ಲಿ ಈಚೆಯವನೊಬ್ಬ ಅವಸರಕ್ಕೆ ಬಿದ್ದು, ‘ನಿಮ್ಮ ಎಮ್ಮೆ ಕೊಡ್ತೀರಾ?’ ಎಂದು ಕೂಗಿದವನು ಅದರ ಬೆನ್ನಿಗೇ ‘ನಿಮ್ಮ ಮಗಳನ್ನ ನಮ್ಮ ಹುಡುಗನಿಗೆ ಕೊಡ್ತೀರಾ?’ ಎಂದೂ ಕೂಗಿಬಿಟ್ಟನಂತೆ. ಬಂದದ್ದು ಒಂದೇ ಹೂಂ. ಇನ್ನೊಂದು ಗಾಳಿಗೆ ಹೋಯಿತೋ, ಆಚೆಯವರು ಹೇಳಲೇ ಇಲ್ಲವೋ ತಿಳಿಯದು. ಇವರು ಓಲಗದವರನ್ನು ಕರೆದುಕೊಂಡು ಬಾಸಿಂಗ ಕಟ್ಟಿದ ಹುಡುಗನೊಂದಿಗೆ ದೋಣಿ ಇಳಿದರೆ, ಅವರು ದಡದ ಮೇಲೆ ಎಮ್ಮೆಯ ಮೈ ತೊಳೆದು ಹಗ್ಗ ಹಿಡಿದು ನಿಂತಿದ್ದರು. ಆ ಎರಡು ಮನೆಯವರು ಈಗಲೂ ಒಂದೇ ದೋಣಿ ಹತ್ತುವುದಿಲ್ಲ.

ನನ್ನ ಹೆಸರು ಗುರುಶಾಂತ. ಪಡುದಡದ ಆಸ್ಪತ್ರೆಯಲ್ಲಿ ಸರ್ವರ್ ಕೋಣೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ತಾಯಿ ಇಲ್ಲದ ನನ್ನನ್ನು ಸಾಕಿದವರು ನಮ್ಮ ಸೋದರತ್ತೆ ಚೆಲುವಮ್ಮ. ಅವರು ಹೊಳೆಪುರಾಣ ಹೇಳುವವರು. ಸಂಜೆ ದೀಪ ಹಚ್ಚಿದ ಮೇಲೆ ಪಡುದಡದ ಮೆಟ್ಟಿಲ ಮೇಲೆ ಕೂತು, ಹೊಳೆಯಮ್ಮನ ಮುಖ ನೋಡುತ್ತಾ, ಎರಡೂ ದಡಕ್ಕೆ ಕೇಳುವಂತೆ ಪದ್ಯ ಹಾಡುತ್ತಾರೆ. ದೇವಿಯ ಮುಖ ನಮ್ಮ ಕಡೆಗಿದೆ, ಆದ್ದರಿಂದ ಪುರಾಣ ಈ ದಡದಿಂದಲೇ ಆಗಬೇಕು. ನಾನು ಮಾತು ಕಲಿಯುವ ಮೊದಲು ಅವರ ತೊಡೆಯ ಮೇಲೆ ಕೂತು ಹೂಂಗುಟ್ಟುವುದನ್ನು ಕಲಿತೆನಂತೆ. ಇವತ್ತಿಗೂ ನನಗೆ ಹೇಳುವುದಕ್ಕಿಂತ ಕೇಳುವುದೇ ಹಿತ.

ಆ ವರ್ಷ ಅತ್ತೆಯ ಎದೆ ಸರಿಯಿರಲಿಲ್ಲ. ಹೃದಯದ ಡಾಕ್ಟರು ಇರುವುದು ಮೂಡುದಡದಲ್ಲಿ. ಅತ್ತೆಗೆ ಮೊಣಕಾಲು ನೋವು, ಇಬ್ಬರು ಹಿಡಿದು ಎತ್ತಿದರೂ ದೋಣಿ ಹತ್ತಿಸುವುದು ಕಷ್ಟ. ಹೊಸನೀರು ಬಂತೆಂದರೆ ದೋಣಿಯೇ ನಿಂತುಹೋಗುತ್ತದೆ, ಮತ್ತೆ ನೀರು ಇಳಿಯುವವರೆಗೆ ತಿಂಗಳುಗಟ್ಟಲೆ ದಡಕ್ಕೆ ದಡ ಸಿಗುವುದಿಲ್ಲ. ಅಂಥ ಹೊತ್ತಿಗೆ ಆಸ್ಪತ್ರೆಯ ಟ್ರಸ್ಟಿನವರು ನಮ್ಮ ಪಡುದಡಕ್ಕೆ ಎದೆಯ ಚಿತ್ರ ತೆಗೆಯುವ ಒಂದು ಸ್ಕ್ಯಾನ್ ಮಷೀನು ತಂದು ಕೂರಿಸಿದರು. ಹೊಳೆಯ ಮೇಲೆ ಕಂಬದಿಂದ ಕಂಬಕ್ಕೆ ಕೇಬಲ್ ಎಳೆಸಿದರು. ಇಲ್ಲಿ ತೆಗೆದ ಚಿತ್ರ ನನ್ನ ಕೋಣೆಯ ಸರ್ವರಿನಿಂದ ಆಚೆಯ ಸರ್ವರಿಗೆ ಹೋಗಬೇಕು, ಡಾಕ್ಟರು ಅಲ್ಲಿಂದಲೇ ನೋಡಿ ಔಷಧಿ ಹೇಳಬೇಕು. ಇಷ್ಟು ಆಗಿಬಿಟ್ಟರೆ ಅತ್ತೆ ದಡ ಬಿಟ್ಟು ಹೋಗಬೇಕಾಗಿಲ್ಲ.

ಆದರೆ ಆಗಲಿಲ್ಲ. ಎರಡು ಸರ್ವರುಗಳ ನಡುವೆ ಸ್ಪೀಡು ಎಷ್ಟಿದೆ ಎಂದು ಅಳೆಯುವ ಟೆಸ್ಟ್ ಓಡಿಸಿದರೆ ಪರದೆಯ ಮೇಲೆ ಬರುತ್ತಿದ್ದ ಸಂಖ್ಯೆ ನೋಡಿ ನಗು ಬರುತ್ತಿತ್ತು, ಆಮೇಲೆ ಅಳು. ಆ ಲೆಕ್ಕದಲ್ಲಿ ಒಂದು ಚಿತ್ರ ಪೂರ್ತಿ ದಾಟುವ ಹೊತ್ತಿಗೆ ರೋಗಿ ಒಂದೋ ವಾಸಿಯಾಗಿರುತ್ತಾನೆ, ಇಲ್ಲವೋ ಅವನಿಗೆ ಚಿತ್ರವೇ ಬೇಕಾಗಿರುವುದಿಲ್ಲ. ಟ್ರಸ್ಟಿನವರು ಒಂದು ಕರಾರು ಹಾಕಿದರು. ಬೆಳಗಿನ ತಿಂಡಿಗೆ ಹೊರಟ ಚಿತ್ರ ಮಧ್ಯಾಹ್ನದ ಊಟದೊಳಗೆ ಆಚೆ ಮುಟ್ಟಬೇಕು, ಇಲ್ಲವಾದರೆ ಹೊಸನೀರಿಗೆ ಮುಂಚಿನ ಕೊನೆಯ ದೋಣಿಯಲ್ಲಿ ಮಷೀನು ವಾಪಸ್ಸು. ಮಷೀನು ಹೋದರೆ ಅದರ ಹಿಂದೆ ಅತ್ತೆಯೂ ಹೋಗಬೇಕು, ಮೂಡುದಡದಲ್ಲಿರುವ ನನ್ನ ತಮ್ಮನ ಮನೆಗೆ.

‘ಟ್ರಂಕು ಕಟ್ಟಿಟ್ಟಿದೀನಿ ಕಣೋ ಗುರು,’ ಎಂದರು ಅತ್ತೆ. ‘ಸೀರೆ ಎರಡೇ ಹಾಕಿದೀನಿ, ಮಿಕ್ಕಿದ್ದೆಲ್ಲ ಪುರಾಣ. ಆದ್ರೆ ಅಲ್ಲಿ ಯಾರಿಗೆ ಹೇಳ್ಲಿ? ಆ ಕಡೆಯಿಂದ ಹೇಳಿದ್ರೆ ಅಮ್ಮನ ಬೆನ್ನಿಗೆ ಹೇಳಿದಂಗೆ. ನಿನ್ ತಮ್ಮ ಒಳ್ಳೇವ್ನೇ, ಟೀವಿ ಮುಂದೆ ಕೂರಿಸಿ ರಿಮೋಟು ಕೈಗೆ ಕೊಡ್ತಾನೆ.’

ನಾನು ಟ್ರಂಕನ್ನು ಮಂಚದ ಕೆಳಗೆ ತಳ್ಳಿದೆ. ಹೂಂ ಅನ್ನಲಿಲ್ಲ.

ಮುಂಚೆ ಬಂದ ರಿಪೇರಿಯವರು ಒಬ್ಬರು ಕೇಬಲ್ಲನ್ನು ಬೈದರು, ಇನ್ನೊಬ್ಬರು ಹೊಳೆಯನ್ನು ಬೈದರು, ಮತ್ತೊಬ್ಬರು ನಮ್ಮನ್ನೇ ಬೈದು ಹೋದರು. ಕೊನೆಗೆ ಬಂದವರು ಜೆಸಿಂತಾ ಮೇಡಂ. ಕರಾವಳಿ ಕಡೆಯವರು, ಕುತ್ತಿಗೆಯಲ್ಲಿ ಸಣ್ಣ ಶಿಲುಬೆ, ಕೈಯಲ್ಲಿ ಒಂದು ಲ್ಯಾಪ್‌ಟಾಪು, ಚೀಲದ ತುಂಬ ಕೇಬಲ್ ತುಂಡುಗಳು. ಬಂದ ದಿನ ಆಚೆಯ ಸರ್ವರ್ ಕೋಣೆಗೆ ಫೋನು ಹಚ್ಚಿ, ‘ಹಲೋ’ ಎಂದರು. ಉತ್ತರ ಬರಲಿಲ್ಲ. ‘ಹಲೋ? ಹಲೋ!’ ಎಂದು ಕೂಗಿ ಇಟ್ಟುಬಿಟ್ಟರು. ನಾನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕ್ಯಾಂಟೀನಿಗೆ ಹೋಗಿ ಆಗಿತ್ತು. ಅವರು ಇಡ್ಲಿ ಮುರಿಯುತ್ತಿದ್ದಾಗ ಫೋನು ಬಡಿದುಕೊಂಡಿತು. ಎತ್ತಿದರೆ ಆಚೆಯ ಸರ್ವರ್ ಕೋಣೆ ನೋಡಿಕೊಳ್ಳುವ ತಿರುಮಲಯ್ಯನವರ ಸಾವಧಾನದ ದನಿ. ‘ಮೊದಲನೇ ಹಲೋಗೆ ಹಲೋ. ಎರಡನೇದಕ್ಕೂ ಹಲೋ. ಮೂರನೇದು ಸ್ವಲ್ಪ ಜೋರಾಗಿತ್ತು, ಅದಕ್ಕೂ ಹಲೋ. ಹೇಳಿ ಅಮ್ಮ.’

ಜೆಸಿಂತಾ ಮೇಡಂ ಇಡ್ಲಿ ಕೈಯಲ್ಲೇ ಹಿಡಿದು ನಕ್ಕ ನಗು ಕ್ಯಾಂಟೀನಿನವರಿಗೆಲ್ಲ ಇಷ್ಟವಾಯಿತು. ‘ಎಂತ ಊರು ಮಾರಾಯ್ರೇ ಇದು! ನನಗೆ ಯಾರೂ ಹೇಳಲೇ ಇಲ್ಲವಲ್ಲ,’ ಎಂದರು. ಮುಂಚೆ ಬಂದವರಿಗೂ ಇದು ಗೊತ್ತಾಗಿತ್ತು. ಆದರೆ ಅವರು ನಕ್ಕಿರಲಿಲ್ಲ.

ಅವರು ಕೆಲಸ ಮಾಡುವುದನ್ನು ನೋಡುವುದೇ ನನಗೆ ಒಂದು ಪಾಠವಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವರು. ಒಂದು ಕೇಬಲ್ ತೆಗೆದು ಬೇರೆಯದನ್ನು ಚುಚ್ಚುವರು, ಟೆಸ್ಟ್ ಓಡಿಸುವರು, ಕಾಯುವರು. ಬದಲಾಗಲಿಲ್ಲವೆಂದರೆ ಹಳೆಯದನ್ನು ಮತ್ತೆ ಅದರ ಜಾಗಕ್ಕೇ ಇಟ್ಟು ಮುಂದಿನದಕ್ಕೆ ಹೋಗುವರು. ಅತ್ತೆ ನನಗೆ ಪದ್ಯ ಕಲಿಸುತ್ತಿದ್ದುದು ಹಾಗೆಯೇ, ಎಡವಿದರೆ ಎಡವಿದ ಪದವನ್ನು ಮಾತ್ರ ಬಿಡಿಸಿ ನೋಡುವರು, ಇಡೀ ಪದ್ಯವನ್ನು ಕೆದಕುತ್ತಿರಲಿಲ್ಲ. ಮೇಡಂ ನಮ್ಮ ಕೋಣೆಯೊಳಗೇ ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ಟೆಸ್ಟ್ ಓಡಿಸಿದರು. ಸಂಖ್ಯೆ ಧುಮ್ಮಿಕ್ಕಿ ಬಂತು. ಆಚೆ ಕೋಣೆಯಲ್ಲಿಯೂ ಹಾಗೇ ಮಾಡಲು ಫೋನಿನಲ್ಲಿ ಹೇಳಿದರು, ಅಲ್ಲಿಯೂ ಧುಮ್ಮಿಕ್ಕಿತು. ಆಮೇಲೆ ಹೊಳೆಯಾಚೆಗೆ ಚಿಕ್ಕ ಚಿಕ್ಕ ಕರೆಗಳನ್ನು ಕಳಿಸಿ ಎಲ್ಲವೂ ವಾಪಸ್ಸು ಬರುತ್ತವೆಯೇ ಎಂದು ನೋಡುತ್ತಾ ಕೂತರು.

‘ಒಂದೂ ಕಳೆದಿಲ್ಲ ನೋಡಿ,’ ಎಂದರು. ಅವರ ಮುಖದಲ್ಲಿ ಭಕ್ತರ ಮುಖದಲ್ಲಿ ಕಾಣುವಂಥದೇನೋ ಇತ್ತು. ‘ತಡ ಉಂಟು, ಆದರೆ ಹೋದದ್ದೆಲ್ಲ ಬರ್ತದೆ. ನಿಮ್ಮ ಹೊಳೆಯನ್ನ ಬೈದವರು ಪಾಪ ಕಟ್ಟಿಕೊಂಡರು ಗುರುಶಾಂತ ಅವರೇ. ದಾರಿ ಇಷ್ಟು ಅಗಲ ಇದೆ, ಅದರಲ್ಲಿ ಒಂದು ಗಾಡಿ ಹೋಗಿ ವಾಪಸ್ಸು ಬರುವವರೆಗೆ ಇನ್ನೊಂದು ಗಾಡಿ ಹೊರಡ್ತಾ ಇಲ್ಲ. ಸ್ಪೀಡು ಕಮ್ಮಿ ಅಲ್ಲ, ಕಾಯೋದು ಜಾಸ್ತಿ.’

ಅವರು ನನಗೆ ಬಿಡಿಸಿ ಹೇಳಿದರು. ಸರ್ವರು ಚಿತ್ರವನ್ನು ಚೂರು ಚೂರು ಮಾಡಿ ಕಳಿಸುತ್ತದೆ. ಆ ಚೂರುಗಳಿಗೆ ಪ್ಯಾಕೆಟ್ಟು ಅನ್ನುತ್ತಾರೆ. ಆಚೆಯ ಸರ್ವರು ಸಿಕ್ಕಿತು ಎಂದು ಹೇಳಿ ಕಳಿಸಬೇಕು. ಆ ಉತ್ತರ ಬರುವ ಮೊದಲು ಎಷ್ಟು ಪ್ಯಾಕೆಟ್ಟು ಕಳಿಸಬಹುದು ಎನ್ನುವುದನ್ನು ತೆಗೆದುಕೊಳ್ಳುವವರು ಗೊತ್ತುಮಾಡಿಡುತ್ತಾರೆ. ಅದಕ್ಕೆ ವಿಂಡೋ ಎಂದು ಹೆಸರು, ಅಂದರೆ ಕಿಟಕಿ. ದಾರಿ ಚಿಕ್ಕದಾಗಿದ್ದರೆ ಕಿಟಕಿ ಕಿರಿದಾದರೂ ನಡೆಯುತ್ತದೆ. ನಮ್ಮ ಹೊಳೆಯಂಥ ದಾರಿಗೆ ಕಿಟಕಿ ವಿಶಾಲವಾಗಿ ತೆರೆದಿರಬೇಕು. ಮೂಡುದಡದ ಸರ್ವರಿನಲ್ಲಿ ಅದನ್ನು ಇನ್ನು ಸಣ್ಣದು ಮಾಡಲು ಆಗದಷ್ಟು ಸಣ್ಣದು ಮಾಡಿಟ್ಟಿದ್ದರು.

ಮೇಡಂ ಫೋನು ಹಚ್ಚಿ ವಿಷಯ ಕೇಳಿ, ಈ ಸಲ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಸುಮ್ಮನೆ ಕೂತರು. ನಾನು ಎಲೆಯಡಿಕೆ ತಟ್ಟೆ ಮುಂದಿಟ್ಟೆ. ಒಂದು ಎಲೆ ಮುಗಿದು ಇನ್ನೊಂದು ಮುಗಿಯುತ್ತಿದ್ದಂತೆ ತಿರುಮಲಯ್ಯನವರ ಉತ್ತರ ಬಂತು.

‘ನಿಮ್ಮ ಮಾತು ಮುಟ್ಟಿತು ಅಮ್ಮ. ಅದನ್ನ ನಾನೇ ಸಣ್ಣದು ಮಾಡಿಟ್ಟಿರೋದು. ಆ ದಡದ ಯಂತ್ರ ಒಂದು ಮಾತು ಕಳಿಸಬೇಕು, ಈ ದಡದ ಯಂತ್ರ ಹೂಂ ಅನ್ನಬೇಕು, ಆಮೇಲೆ ಇನ್ನೊಂದು. ಯಂತ್ರ ಆದ್ರೇನು, ಇರೋದು ನಮ್ಮೂರಲ್ಲಿ ತಾನೇ? ಮರ್ಯಾದೆ ಕಲೀಬೇಕು.’

ಮೇಡಂ ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ. ಅವರು ಫೋನಿಗೆ ಬಾಗಿ, ‘ನಾನು ಅದನ್ನ ದೊಡ್ಡದು ಮಾಡಿದರೆ ನಿಮಗೆ ಬೇಜಾರಾಗ್ತದಾ?’ ಎಂದರು. ಮತ್ತೆ ಎರಡು ಎಲೆ.

‘ಬೇಜಾರೇನೂ ಇಲ್ಲ ಅಮ್ಮ, ಮಾಡಿ. ನೀವು ಊರಿಗೆ ಹೋದ ಮೇಲೆ ನಾನು ವಾಪಸ್ ಸಣ್ಣದು ಮಾಡ್ಕೋತೀನಿ.’

ಎರಡು ಕಡೆಯ ಸರ್ವರಿಗೂ ಮೇಡಂ ಬಳಿ ದೊಡ್ಡ ಪಾಸ್‌ವರ್ಡ್ ಇತ್ತು. ಇಲ್ಲೇ ಕೂತು ಆಚೆಯ ಕಿಟಕಿಯನ್ನು ತೆರೆದು, ತಿರುಮಲಯ್ಯನವರ ಕೈಗೆ ಸಿಗದಂತೆ ಬೀಗ ಹಾಕಬಹುದಿತ್ತು. ಅತ್ತೆಯ ಟ್ರಂಕು ಕಣ್ಣ ಮುಂದಿದ್ದ ನಾನು ಹಾಗೆಯೇ ಮಾಡಿ ಎಂದು ಕೇಳಿಕೊಂಡೆ. ಜೀವನದಲ್ಲಿ ನಾನು ಯಾರನ್ನೂ ಅಷ್ಟು ಒತ್ತಾಯ ಮಾಡಿ ಕೇಳಿದವನಲ್ಲ.

‘ಮಾಡಬಹುದು,’ ಎಂದರು. ‘ಆದರೆ ನಾನು ನಾಡಿದ್ದು ಹೋಗ್ತೇನೆ. ಮಳೆಗಾಲ ಇಡೀ ಆ ಯಂತ್ರ ನೋಡಿಕೊಳ್ಳೋದು ಅವರಲ್ಲವಾ? ಅವರಿಗೆ ಮನಸ್ಸಿಲ್ಲದ್ದನ್ನ ಅವರ ಕೋಣೆಯಲ್ಲಿ ಬೀಗ ಹಾಕಿ ಇಟ್ಟು ಹೋದರೆ, ಒಂದು ದಿನ ಅದು ಕೆಟ್ಟಾಗ ಅವರು ಎಂತಕ್ಕೆ ಎದ್ದು ಹೋಗಿ ನೋಡಬೇಕು?’

ಸಂಜೆಯಾಗಿತ್ತು, ಪುರಾಣಕ್ಕೆ ಹೊತ್ತಾಗಿತ್ತು. ಬೇರೇನೂ ತೋಚದೆ ಅವರನ್ನೂ ಮೆಟ್ಟಿಲಿಗೆ ಕರೆದುಕೊಂಡು ಹೋದೆ.

ಅತ್ತೆ ದೀಪಕ್ಕೆ ಕೈಮುಗಿದು ಸುರುಮಾಡಿದರು. ಅವರ ಎದೆ ಸರಿಯಿಲ್ಲವೆಂದು ಡಾಕ್ಟರು ಹೇಳಿದ್ದು ನಿಜವಿರಬಹುದು, ಆದರೆ ಹಾಡುವಾಗ ಆ ಎದೆಗೆ ಅದು ಮರೆತುಹೋಗುತ್ತಿತ್ತು. ಒಂದು ಪದ್ಯ ಮುಗಿಯಿತು, ಇನ್ನೊಂದು ಎತ್ತಿಕೊಂಡರು, ಅದು ಮುಗಿಯುವ ಮೊದಲೇ ಮತ್ತೊಂದು ಕಾಯುತ್ತಾ ನಿಂತಂತೆ ಬಂತು. ಜೆಸಿಂತಾ ಮೇಡಂ ಚಪ್ಪಲಿ ಬಿಟ್ಟು ಕೆಳಗಿನ ಮೆಟ್ಟಿಲಿಗೆ ಇಳಿದು ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನೀರಿನ ಮೇಲಿಂದ ಆಚೆಯ ದನಿಗಳು ಬರತೊಡಗಿದವು. ‘ಕಮಲ, ಹೂಂ.’ ‘ಬೆಳಗು, ಹೂಂ.’ ಅತ್ತೆ ಆ ಪದ್ಯಗಳನ್ನು ಹಾಡಿ ಎಷ್ಟೋ ಮುಂದೆ ಹೋಗಿದ್ದರು. ಹೂಂಗಳು ಬರುತ್ತಲೇ ಇದ್ದವು, ಪದ್ಯಗಳು ಹೋಗುತ್ತಲೇ ಇದ್ದವು, ಒಂದಕ್ಕೊಂದು ನಡುಹೊಳೆಯಲ್ಲಿ ದಾರಿ ಬಿಟ್ಟುಕೊಟ್ಟಂತೆ. ಒಮ್ಮೆ ಆಚೆಯಿಂದ ‘ಮಂಜು, ಮತ್ತೆ!’ ಎಂದು ಬಂತು. ಅತ್ತೆ ಹಾಡುತ್ತಿದ್ದ ಪದ್ಯವನ್ನು ಮುಗಿಸಿ, ಹಿಂದಕ್ಕೆ ಹೋಗಿ ಮಂಜಿನ ಪದ್ಯವೊಂದನ್ನೇ ಇನ್ನೊಮ್ಮೆ ಹಾಡಿ, ಬಿಟ್ಟಲ್ಲಿಂದ ಮುಂದುವರಿಸಿದರು.

ಮೇಡಂ ನನ್ನ ಕಡೆಗೆ ತಿರುಗಿ, ‘ಅದು ಎಂತದು? ಇವರು ಕಾಯ್ತಾ ಇಲ್ಲವಲ್ಲ!’ ಎಂದು ಪಿಸುಗುಟ್ಟಿದರು.

‘ಪುರಾಣಕ್ಕೆ ಆ ಕಟ್ಟಳೆ ಇಲ್ಲ ಮೇಡಂ. ಒಂದೊಂದು ಪದ್ಯಕ್ಕೂ ಕಾದರೆ ಒಂದು ಸಂಧಿ ಮುಗಿಯೋದು ಯಾವಾಗ? ಕೇಳೋರು ಪದ್ಯದ ಮೊದಲನೇ ಪದ ಹೇಳಿ ಹೂಂ ಅಂತಾರೆ. ಯಾವುದು ಮುಟ್ಟಿತು, ಯಾವುದು ಮುಟ್ಟಲಿಲ್ಲ ಅಂತ ಗೊತ್ತಾಗ್ತದೆ. ಗಾಳಿ ಕಿತ್ಕೊಂಡು ಹೋದರೆ ಮತ್ತೆ ಅಂತಾರೆ. ಅದೊಂದನ್ನೇ ಮತ್ತೆ ಹಾಡ್ತಾರೆ.’

ಅವರು ಆಚೆಯಿಂದ ಬಂದ ಇನ್ನೆರಡು ಹೂಂಗಳನ್ನು ಬೆರಳಲ್ಲಿ ಎಣಿಸಿದರು. ‘ನಾವು ಇದನ್ನೇ ಓದಿ ಪರೀಕ್ಷೆ ಬರೆದದ್ದು ಮಾರಾಯ್ರೇ,’ ಎಂದರು ಕೊನೆಗೆ. ‘ಪ್ಯಾಕೆಟ್ಟಿಗೆ ಒಂದೊಂದಕ್ಕೂ ಗುರುತು ಉಂಟು. ಅದರ ಹೂಂಗೂ ಅದೇ ಗುರುತು. ಓದುವಾಗ ಇದು ಇಷ್ಟು ಚಂದ ಅಂತ ನನಗೆ ಗೊತ್ತಿರಲಿಲ್ಲ. ಆಚೆಯಿಂದ ಹೂಂ ಹೇಳ್ತಾ ಇರೋರು ಯಾರು?’

‘ಎಲ್ಲರಿಗಿಂತ ಮುಂದೆ ಕೇಳಿಸ್ತದಲ್ಲ, ಆ ದನಿ ತಿರುಮಲಯ್ಯನವರದ್ದು,’ ಎಂದೆ.

ಆರತಿ ಮುಗಿದ ಮೇಲೆ ಮೇಡಂ ಅತ್ತೆಯ ಮುಂದೆ ಕೂತು ಎಲ್ಲವನ್ನೂ ಹೇಳಿದರು. ಮಷೀನಿನ ವಿಷಯ, ಕಿಟಕಿಯ ವಿಷಯ, ತಿರುಮಲಯ್ಯನವರ ಮರ್ಯಾದೆಯ ವಿಷಯ. ಅತ್ತೆಗೆ ಸರ್ವರು ಎಂದರೇನೆಂದು ತಿಳಿಯದು. ಆದರೆ ಕೇಳುವುದು ಹೇಗೆಂದು ಅವರಿಗೆ ಗೊತ್ತು, ನಡುವೆ ಒಂದೂ ಮಾತು ಹಾಕದೆ ಕೇಳಿದರು.

‘ಒಂದು ಹೇಳವ್ವ. ಆ ಚೂರು ಅಂದ್ಯಲ್ಲ, ಅದಕ್ಕೆ ಒಂದೊಂದಕ್ಕೂ ಹೆಸರಿದೆಯಾ?’

‘ಉಂಟಮ್ಮ.’

‘ಯಾವ ಚೂರಿಗೆ ಹೂಂ ಅಂತ ಹೆಸರು ಹೇಳ್ಕೊಂಡು ಬರ್ತದಾ ಅದು?’

‘ಹೌದಮ್ಮ. ಎಲ್ಲಿಯವರೆಗೆ ಮುಟ್ಟಿತು, ನಡುವೆ ಯಾವುದು ತಪ್ಪಿತು ಅಂತ ಹೇಳ್ತದೆ.’

‘ಹಂಗಾದ್ರೆ ಅದು ಮಾತಲ್ಲ ಕಣವ್ವ, ಪದ್ಯ,’ ಎಂದರು ಅತ್ತೆ. ‘ತಿರುಮಲಯ್ಯನಿಗೆ ನೀನು ಮಾತಲ್ಲಿ ಹೇಳಿದ್ರೆ ಅವನು ಮಾತಿನ ಕಟ್ಟಳೆನೇ ಹಿಡ್ಕೋತಾನೆ. ಎಮ್ಮೆ ಹಿಡ್ಕೊಂಡು ನಿಂತಿದ್ದೋರು ಯಾರ ಮನೆಯೋರು ಅಂತ ತಿಳ್ದಿದೀಯ? ಅವನ ತಾತನೇ. ಆ ಮನೆಯೋರು ಈ ವಿಷಯದಲ್ಲಿ ಬಗ್ಗೋದಿಲ್ಲ. ಹೆಸರಿನ ಸಂಗತಿ ನೀನು ಫೋನಲ್ಲಿ ಹೇಳು. ಮಿಕ್ಕಿದ್ದು ನಾನು ಹೇಳ್ತೀನಿ.’

ಮರುದಿನ ಮೇಡಂ ಫೋನಿನಲ್ಲಿ ಒಂದೇ ಮಾತು ಹೇಳಿದರು, ಪ್ಯಾಕೆಟ್ಟುಗಳಿಗೂ ಅವುಗಳ ಹೂಂಗೂ ಹೆಸರಿದೆ ಎಂದು. ಎರಡು ಎಲೆಯ ಹೊತ್ತಿಗೆ ‘ಹೂಂ’ ಎಂದು ಬಂತು. ಅದು ಕೇಳಿಸಿತು ಅನ್ನುವ ಹೂಂ, ಒಪ್ಪಿದೆ ಅನ್ನುವುದಲ್ಲ. ನಮ್ಮೂರಿನವರಿಗೆ ಎರಡರ ವ್ಯತ್ಯಾಸ ಗೊತ್ತು. ಅವತ್ತು ಮೂಡಲಿನ ಗುಡ್ಡಗಳ ಮೇಲೆ ಮೋಡ ಕಟ್ಟಿತ್ತು. ಕಡವಿನಲ್ಲಿ ದೋಣಿಯವರು ನಾಳೆ ಸಂಜೆಯದೇ ಕೊನೆಯ ದೋಣಿ ಎಂದು ಸಾರಿಬಿಟ್ಟರು. ಟ್ರಸ್ಟಿನ ಆಳುಗಳು ಮಷೀನು ಕಟ್ಟಲು ಗೋಣಿಚೀಲ, ಹಗ್ಗ ತಂದು ವರಾಂಡದಲ್ಲಿ ಇಟ್ಟರು.

ಸಂಜೆ ಅತ್ತೆ ಪುರಾಣದ ನಡುವೆ, ಹಳೆಯ ಪದ್ಯಗಳ ಸಾಲಿನಲ್ಲಿಯೇ, ಯಾರೂ ಕೇಳದಿದ್ದ ಒಂದನ್ನು ಎತ್ತಿಕೊಂಡರು.

ಹೊಳೆಯ ಮರ್ಯಾದೆಯನು ಬಲ್ಲವ
ಗೆಳೆಯ ಕೇಳೈ ತಿರುಮಲಯ್ಯನೆ
ಇಳಿದು ಬರುವುದನೆಲ್ಲವನು ಕೊಳು ಬಳಿಕ ಹೂಂಗುಡು ನೀ

ಅಷ್ಟೇ. ಆರು ಸಾಲಿನ ಪದ್ಯಕ್ಕೆ ಮೂರೇ ಸಾಲು ಹಾಡಿ ಮುಂದಿನ ಪದ್ಯಕ್ಕೆ ಹೋಗಿಬಿಟ್ಟರು. ಮೆಟ್ಟಿಲ ಮೇಲೆ ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಚೆಯಿಂದ ಹೂಂಗಳು ಬರತೊಡಗಿದವು. ಅದರ ಹಿಂದಿನ ಪದ್ಯದ ಹೂಂ ಬಂತು. ಮುಂದಿನದರದೂ ಬಂತು, ಆದರೆ ಬೇರೆಯವರ ದನಿಯಲ್ಲಿ. ‘ಹೊಳೆಯ’ ಎಂಬುದಕ್ಕೆ ಮಾತ್ರ ಹೂಂ ಬರಲಿಲ್ಲ. ತಿರುಮಲಯ್ಯನವರ ದನಿಯೇ ಇಲ್ಲ. ಮೇಡಂ ಕುತ್ತಿಗೆಯ ಶಿಲುಬೆಯನ್ನು ಹಿಡಿದುಕೊಂಡು ನೀರನ್ನೇ ನೋಡುತ್ತಿದ್ದರು. ಅತ್ತೆಗೆ ಗಾಬರಿಯಿಲ್ಲ. ಹೂಂ ಬಾರದ ಪದ್ಯವನ್ನು ಮತ್ತೆ ಹಾಡುವುದು ಪುರಾಣದ ಕ್ರಮ, ಮತ್ತೆ ಹಾಡಿದರು. ಆಮೇಲೆ ಮುಂದಕ್ಕೆ ಹೋದರು. ಮಂಗಳದ ಪದ್ಯಕ್ಕೆ ಬಂದಾಗ ನೀರಿನ ಮೇಲೆ ಆ ದನಿ ಕೇಳಿಸಿತು, ಸ್ವಲ್ಪ ಏದುಸಿರು ಬಿಡುತ್ತಿತ್ತು.

‘ಹೊಳೆಯ, ಹೂಂ. ಎದ್ದು ಯಂತ್ರದ ಕೋಣೆಗೆ ಹೋಗಿದ್ದೆ ಚೆಲುವಕ್ಕಾ. ಹೆಸರಿರೋದು ನಿಜವೋ ಅಂತ ಕಣ್ಣಾರೆ ನೋಡ್ಕೊಂಡು ಬಂದೆ. ನೋಡದೆ ಹೂಂ ಅನ್ನೋದು ಹೆಂಗೆ? ಇದೆ. ಒಂದೊಂದಕ್ಕೂ ಇದೆ. ಕಿಟಕಿ ತೆಗೆದಿಟ್ಟಿದೀನಿ.’

ಅತ್ತೆ ಮಂಗಳವನ್ನು ನಿಲ್ಲಿಸದೆ ಮುಗಿಸಿದರು. ಜೆಸಿಂತಾ ಮೇಡಂ ಮಾತ್ರ ಮುಖ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಲ್ಲೇ ಕೂತಿದ್ದರು.

ಬೆಳಗ್ಗೆ ಅತ್ತೆಯ ಎದೆಯ ಚಿತ್ರವನ್ನೇ ತೆಗೆದು ಅದನ್ನೇ ಕಳಿಸುವುದೆಂದು ಆಯಿತು. ನಾವು ತಿಂಡಿಗೆ ಕೂರುವ ಹೊತ್ತಿಗೆ ಮೇಡಂ ಗುಂಡಿ ಒತ್ತಿದರು. ಮೊದಲ ಹೂಂಗಳು ಬರುವವರೆಗೆ ಪರದೆ ಸುಮ್ಮನಿತ್ತು. ಆಮೇಲೆ ಸಂಖ್ಯೆ ಏರತೊಡಗಿತು, ಹಾಲು ಉಕ್ಕುವ ಹಾಗೆ. ವರಾಂಡದಲ್ಲಿ ಹಗ್ಗ ಹಿಡಿದು ನಿಂತಿದ್ದ ಆಳುಗಳೂ ಬಾಗಿಲಿಗೆ ಬಂದು ಇಣುಕಿದರು. ಅಷ್ಟರಲ್ಲಿ ಹೊಳೆಯ ಮೇಲೆ ಗಾಳಿಮಳೆ ಎದ್ದಿತು. ಕಂಬಗಳು ತೂಗಾಡಿದವು, ಸಂಖ್ಯೆ ಧಸಕ್ಕನೆ ಕುಸಿಯಿತು. ‘ಹೋಯ್ತು,’ ಎಂದ ಒಬ್ಬ ಆಳು, ಹಗ್ಗ ಬಿಚ್ಚುತ್ತಾ. ‘ಹೋಗಲಿಲ್ಲ, ನೋಡ್ತಾ ಇರಿ,’ ಎಂದರು ಮೇಡಂ. ಪರದೆಯ ಮೇಲೆ ಸಾಲು ಸಾಲಾಗಿ ಆಚೆಯ ಯಂತ್ರದ ಬೇಡಿಕೆಗಳು ಬಂದವು, ಇಂಥ ಚೂರು ಮತ್ತೆ, ಇಂಥದು ಮತ್ತೆ. ನಮ್ಮ ಯಂತ್ರ ಅವನ್ನಷ್ಟೇ ಮತ್ತೆ ಕಳಿಸಿ ಮುಂದಕ್ಕೆ ಹೊರಟಿತು. ಅತ್ತೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದವರು, ‘ಚೆನ್ನಾಗಿ ಹಾಡ್ತದೆ ಕಣೋ, ಶ್ರುತಿ ಬಿಡಲಿಲ್ಲ,’ ಎಂದರು.

ಅನ್ನಕ್ಕೆ ಇನ್ನೂ ನೀರು ಕಾಯುತ್ತಿದ್ದಾಗ ಚಿತ್ರ ಪೂರ್ತಿ ಮುಟ್ಟಿತ್ತು. ಊಟದ ಹೊತ್ತಿಗೆ ಡಾಕ್ಟರ ಫೋನು ಬಂತು. ಮಾತ್ರೆ ಅರ್ಧ ಹೆಚ್ಚಿಸಿ, ಉಪ್ಪು ಕಡಿಮೆ ಮಾಡಿ, ಪುರಾಣ ನಿಲ್ಲಿಸಬೇಡಿ ಎಂದರು. ಟ್ರಸ್ಟಿನವರು ಮಷೀನಿನ ಮೇಲೆ ಹಾಕಿದ್ದ ಗೋಣಿಯನ್ನು ತೆಗೆಸಿದರು. ಅತ್ತೆ ಟ್ರಂಕಿನಿಂದ ಮೊದಲು ಪುರಾಣ ತೆಗೆದರು, ಸೀರೆಗಳನ್ನು ನಾನೇ ತೆಗೆದು ಮಡಿಸಿಟ್ಟೆ.

ಸಂಜೆಯ ಕೊನೆಯ ದೋಣಿಗೆ ಜೆಸಿಂತಾ ಮೇಡಂ ಹೊರಟರು. ಆಚೆ ದಡದಲ್ಲಿ ಅವರಿಗೆ ಬಸ್ಸು. ಅತ್ತೆ ಅವರಿಗೆ ಎಲೆಯಡಿಕೆ ಕಟ್ಟಿಕೊಟ್ಟರು. ‘ಮಾತಾಡಿಸಬೇಕು ಅನ್ಸಿದ್ರೆ ಫೋನು ಮಾಡವ್ವ. ಇಷ್ಟಿದ್ದರೆ ಉತ್ತರ ಬರೋವರೆಗೂ ಸಾಲ್ತದೆ.’ ಮೇಡಂ ಬಾಗಿ ಅವರ ಕಾಲು ಮುಟ್ಟಿದರು. ನನಗೆ ಹೇಳಬೇಕಾದದ್ದು ಬಹಳ ಇತ್ತು, ಹೇಳಲು ಬಾರದೆ ಅವರ ಕೇಬಲ್ ಚೀಲವನ್ನು ದೋಣಿಯವರೆಗೆ ಹೊತ್ತುಕೊಟ್ಟೆ. ‘ನೀವು ಹೇಳದಿದ್ದದ್ದು ಮುಟ್ಟಿತು,’ ಎಂದು ನಕ್ಕು ಹತ್ತಿದರು.

ದೋಣಿ ದಡ ಮುಟ್ಟಿದ್ದು ಕಂಡ ಮೇಲೆ ಅತ್ತೆ ದೀಪ ಹಚ್ಚಿ ಕೂತರು. ಅವತ್ತು ಹಳೆಯ ಪದ್ಯಗಳ ನಡುವೆ ಮತ್ತೊಮ್ಮೆ ‘ಹೊಳೆಯ’ವನ್ನು ಹಾಡಿದರು. ಈಗಲೂ ಮೂರೇ ಸಾಲು. ಉಳಿದ ಮೂರು ಎಲ್ಲಿ ಅತ್ತೆ ಎಂದು ನಾನು ಕೇಳಿರಲಿಲ್ಲ, ಅವು ಬೇಕೆಂದು ನನಗೆ ಅನ್ನಿಸಿರಲೂ ಇಲ್ಲ. ಪದ್ಯಗಳು ಒಂದರ ಹಿಂದೊಂದು ನೀರಿಗಿಳಿದು ಹೋದವು. ಬಸ್ಸಿನ ದೀಪಗಳು ಆಚೆಯ ದಿಬ್ಬ ಹತ್ತಿ ತಿರುವಿನಲ್ಲಿ ಮರೆಯಾದದ್ದನ್ನು ನಾನು ನೋಡಿದೆ. ಆಮೇಲೆ ಹೂಂಗಳು ಬರತೊಡಗಿದವು, ತಿರುಮಲಯ್ಯನವರದು, ಅವರ ಸೊಸೆಯದು, ಕಡವಿನವರದು. ಅವುಗಳ ನಡುವೆ, ಎಲ್ಲಿ ಎತ್ತಬೇಕು ಎಲ್ಲಿ ಇಳಿಸಬೇಕು ಎಂದು ಇನ್ನೂ ತಿಳಿಯದ ಒಂದು ಹೊಸ ದನಿ ಬಂತು, ಬಸ್ಸು ಹತ್ತುವ ಮೊದಲೇ ಆ ದಡದಿಂದ ಹೊರಟದ್ದು.

‘ಹೊಳೆಯ, ಹೂಂ.’

ಅತ್ತೆ ಅದಕ್ಕೆ ನಿಲ್ಲಲಿಲ್ಲ. ಆದರೆ ಮುಂದಿನ ಪದ್ಯವನ್ನು ಒಂದು ಸ್ವರ ಮೇಲಕ್ಕೆ ಎತ್ತಿಕೊಂಡರು.